ಬಿರುಬಿಸಿಲಿನಲ್ಲಿ ಆಫೀಸಿಗೆ ಹೋಗುವುದೋ, ಮನೆಯಿಂದಲೇ ಕೆಲಸ ಮಾಡುವುದೋ?

ಏಪ್ರಿಲ್ ಕಾಲಿಟ್ಟರೆ ಸಾಕು, ಆಫೀಸಿನ ವಾಟ್ಸಾಪ್ ಗ್ರೂಪುಗಳಲ್ಲಿ ಒಂದೇ ಬೇಡಿಕೆ: ‘ಈ ಬಿಸಿಲಲ್ಲಿ ಬರೋಕಾಗಲ್ಲ, ವರ್ಕ್ ಫ್ರಮ್ ಹೋಮ್ ಕೊಡಿ.’ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಮನೆಯಲ್ಲಿದ್ದರೆ ಬಿಸಿಲಿನಿಂದ ಪಾರು ಅನ್ನುವ ಲೆಕ್ಕ ಎಲ್ಲರ ಮನೆಗೂ ಹೊಂದುವುದಿಲ್ಲ. ತಾರಸಿಯ ಕೆಳಗೇ ಇರುವ ಬಾಡಿಗೆ ರೂಮು, ಒಂದು ಫ್ಯಾನು, ಮಧ್ಯಾಹ್ನ ಹೇಳದೆ ಹೋಗುವ ಕರೆಂಟು. ಇಷ್ಟೇ ಇರುವವರಿಗೆ ಆಫೀಸಿನ ಏಸಿ ಹಾಲ್ ಎಷ್ಟೋ ಮೇಲು. ಅದೇ ಮಧ್ಯಾಹ್ನ 1 ಗಂಟೆಗೆ ಸ್ಕೂಟರ್ ಹತ್ತಿ 15 ಕಿಲೋಮೀಟರ್ ಹೋಗಬೇಕಾದವರು ಅವತ್ತು ಮನೆಯಲ್ಲಿರುವುದೇ ಸರಿ.

ಹಾಗಾಗಿ ಮೊದಲು ನಿಮ್ಮನ್ನು ನೀವು ಕೇಳಿಕೊಳ್ಳಿ: ಮಧ್ಯಾಹ್ನ 12ರಿಂದ ಸಂಜೆ 5ರವರೆಗೆ ನಾನು ಯಾವ ಸೂರಿನ ಕೆಳಗೆ ಇರುತ್ತೇನೆ? ಆ ಹೊತ್ತಿನಲ್ಲಿ ರಸ್ತೆಗೆ ಇಳಿಯಬೇಕಾಗುತ್ತದಾ? ಇದಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಪಾಲು ತೀರ್ಮಾನ ಆದ ಹಾಗೇ.

ಫೋನ್ ತೋರಿಸುವ ಡಿಗ್ರಿ ಎಷ್ಟು ನಂಬಬೇಕು?

ಹವಾಮಾನ ಇಲಾಖೆ ಬಿಸಿಗಾಳಿ ಎಂದು ಸಾರಲು ಒಂದು ಅಳತೆ ಇದೆ. ಗರಿಷ್ಠ ತಾಪಮಾನ ಬಯಲು ಪ್ರದೇಶದಲ್ಲಿ 40, ಕರಾವಳಿಯಲ್ಲಿ 37, ಗುಡ್ಡಗಾಡಿನಲ್ಲಿ 30 ಡಿಗ್ರಿ ಮುಟ್ಟಬೇಕು. ಜೊತೆಗೆ ಆ ಊರಿನ ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಜಾಸ್ತಿ ಇರಬೇಕು. ಬಯಲು ಪ್ರದೇಶದಲ್ಲಿ 45 ಮುಟ್ಟಿದರೆ ವಾಡಿಕೆಯ ಲೆಕ್ಕ ನೋಡದೆಯೇ ಬಿಸಿಗಾಳಿ.

ಇದನ್ನೇ ಕಾಯುತ್ತಾ ಕೂತರೆ ಬೆಂಗಳೂರಿನವರಿಗೆ ಕಷ್ಟ. 2016ರ ಏಪ್ರಿಲ್ 24ರಂದು ಬೆಂಗಳೂರಲ್ಲಿ 39.2 ಡಿಗ್ರಿ ದಾಖಲಾಯಿತು. 2024ರ ಏಪ್ರಿಲ್ 28ರಂದು 38.5. ಏಪ್ರಿಲ್ ವಾಡಿಕೆ 34ರ ಸುತ್ತಮುತ್ತ ಇರುವ ಊರಿಗೆ ಇದು ಸಣ್ಣ ಏರಿಕೆ ಅಲ್ಲ. ಆದರೂ ಈ ಎರಡೂ ದಿನ 40ರ ಗೆರೆ ಮುಟ್ಟಲಿಲ್ಲ. ತಂಪು ಹವೆಗೆ ಒಗ್ಗಿದ ಮೈಗೆ, ಬಿಸಿಲಿಗೆ ತಯಾರಿಲ್ಲದ ಮನೆಗೆ 38 ಕೂಡ ಸಾಕಷ್ಟು ಕಾಟ ಕೊಡುತ್ತದೆ.

ಇನ್ನೊಂದು ವಿಷಯ. ಇಲಾಖೆ ಹೇಳುವ ಡಿಗ್ರಿ ನೆರಳಿನದು. ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ, ನೆಲದಿಂದ ನಾಲ್ಕಡಿ ಎತ್ತರದಲ್ಲಿ ಇಟ್ಟ ಥರ್ಮಾಮೀಟರ್ ಹೇಳಿದ ಲೆಕ್ಕ ಅದು. ಸಿಗ್ನಲ್ಲಿನಲ್ಲಿ ಹೆಲ್ಮೆಟ್ ಹಾಕಿಕೊಂಡು, ಕೆಳಗೆ ಕಾದ ಡಾಂಬರು, ಪಕ್ಕದಲ್ಲಿ ಬಸ್ಸಿನ ಇಂಜಿನ್ ಇಟ್ಟುಕೊಂಡು ನಿಂತವರ ಮೈಗೆ ತಗುಲುವ ಬಿಸಿ ಇದಕ್ಕಿಂತ ತುಂಬಾ ಜಾಸ್ತಿ.

ನಿಮ್ಮ ಮನೆಯನ್ನು ಮೊದಲು ನೋಡಿ

ತುಂಬಾ ಜನ ದಾರಿಯ ಬಿಸಿಲನ್ನು ಲೆಕ್ಕ ಹಾಕುತ್ತಾರೆ, ಮನೆಯ ಬಿಸಿಯನ್ನು ಮರೆಯುತ್ತಾರೆ. ಆರ್‌ಸಿಸಿ ತಾರಸಿ ಬೆಳಗಿನಿಂದ ಬಿಸಿ ಹೀರಿಕೊಳ್ಳುತ್ತದೆ. ಅದು ಕೋಣೆಗೆ ಇಳಿಯಲು ಕೆಲವು ಗಂಟೆ ಬೇಕು. ಹೊರಗೆ ಬಿಸಿಲು ಇಳಿಯತೊಡಗಿದಾಗ ಒಳಗೆ ಧಗೆ ಏರುತ್ತದೆ. ಸಂಜೆ 4ಕ್ಕೆ ಮೀಟಿಂಗಿನಲ್ಲಿ ಕೂತವರ ನೆತ್ತಿಯ ಮೇಲೆ ಕಾದ ಚಪ್ಪಡಿ ಇರುತ್ತದೆ, ರಾತ್ರಿ ಮಲಗುವಾಗಲೂ ಅದು ಬಿಸಿಯಾಗೇ ಇರುತ್ತದೆ. ತಗಡಿನ ಶೀಟಿನ ಮನೆಯಾದರೆ ಕಾಯುವುದೇ ಬೇಡ, ಬೆಳಿಗ್ಗೆ 10ಕ್ಕೇ ಕೂರಲಾಗುವುದಿಲ್ಲ.

ಉತ್ತರ ಕರ್ನಾಟಕದ ಹಳೆಯ ಮಾಳಿಗೆ ಮನೆಗಳಲ್ಲಿ ಕೂತು ನೋಡಿದವರಿಗೆ ವ್ಯತ್ಯಾಸ ಗೊತ್ತು. ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಕೆಳಗೆ ಶಹಾಬಾದ್ ಕಲ್ಲಿನ ನೆಲ, ಬೆಳಕಿಂಡಿಯಷ್ಟೇ ಬೆಳಕು. ಅಂಥ ಪಡಸಾಲೆಯಲ್ಲಿ ಮಧ್ಯಾಹ್ನ ಕೆಲಸ ಮಾಡಬಹುದು. ಅದನ್ನು ಕೆಡವಿ ಅದೇ ಜಾಗದಲ್ಲಿ ಕಟ್ಟಿದ ಆರ್‌ಸಿಸಿ ಮನೆಯ ಮೇಲಿನ ಮಹಡಿಯಲ್ಲಿ ಏಸಿ ಇಲ್ಲದೆ ಆಗುವುದಿಲ್ಲ. ಹಳೆ ಮನೆ ಇನ್ನೂ ಉಳಿದಿದ್ದರೆ, ನೆಟ್‌ವರ್ಕ್ ಸಿಗುವುದಾದರೆ, ಲ್ಯಾಪ್‌ಟಾಪ್ ಅಲ್ಲೇ ಇಡಿ.

ನಿಮ್ಮ ಮನೆ ಯಾವ ಬಗೆಯದು ಎಂದು ತಿಳಿಯಲು ಗೋಡೆಗೆ ನೇತುಹಾಕುವ ಸಾಧಾರಣ ಥರ್ಮಾಮೀಟರ್ ಸಾಕು. ಕೆಲಸಕ್ಕೆ ಕೂರುವ ಜಾಗದಲ್ಲೇ ಇಡಿ. ಒಂದೆರಡು ದಿನ ಬೆಳಿಗ್ಗೆ 11, ಮಧ್ಯಾಹ್ನ 2, ಸಂಜೆ 5ಕ್ಕೆ ಬರೆದಿಡಿ. ನನ್ನ ಪ್ರಕಾರ ಲೆಕ್ಕ ಹೀಗೆ: ದಿನವಿಡೀ 32ರ ಒಳಗಿದ್ದರೆ ಫ್ಯಾನ್ ಹಾಕಿಕೊಂಡು ಮನೆಯಲ್ಲೇ ಇರಿ. 35 ದಾಟಿದರೆ, ದಾರಿ ತೀರಾ ಕೆಟ್ಟದಾಗಿಲ್ಲದಿದ್ದರೆ ಆಫೀಸೇ ವಾಸಿ. ಒಳಗೇ 40ರ ಹತ್ತಿರ ಹೋದರೆ ಫ್ಯಾನನ್ನು ನಂಬಬೇಡಿ. 40 ದಾಟಿದ ಗಾಳಿ ಫ್ಯಾನಿನಿಂದ ಬಂದರೂ ಮೈಯನ್ನು ಇನ್ನಷ್ಟು ಬಿಸಿ ಮಾಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಎಚ್ಚರಿಸಿದೆ.

ಮನೆಯಲ್ಲೇ ಉಳಿಯುವುದಾದರೆ ಬೆಳಿಗ್ಗೆ 9ರ ಹೊತ್ತಿಗೆ ಬಿಸಿಲು ಬೀಳುವ ಕಿಟಕಿಗಳನ್ನು ಮುಚ್ಚಿ ಪರದೆ ಎಳೆಯಿರಿ. ಕತ್ತಲಾದ ಮೇಲೆ ಎಲ್ಲ ತೆರೆಯಿರಿ. ಬೆಂಗಳೂರಿನಲ್ಲಿ ಹಗಲು ಪೂರ್ತಿ ಕಿಟಕಿ ತೆರೆದಿಡುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಮೊದಲಿನ ಹವೆಗೆ ಅದು ಸರಿ ಇತ್ತು. 37 ಡಿಗ್ರಿಯಲ್ಲಿ ಅದು ಸುಮ್ನೆ ಬಿಸಿಯನ್ನು ಒಳಗೆ ಕರೆದ ಹಾಗೆ. ತಾರಸಿಗೆ ಸುಣ್ಣ ಬಳಿಯುವುದು, ಇಲ್ಲವೇ ಬಿಸಿಲನ್ನು ಹಿಂದಕ್ಕೆ ಕಳಿಸುವ ಬಿಳಿ ಪೇಂಟ್ ಹೊಡೆಸುವುದು ಖರ್ಚಿಗೆ ತಕ್ಕ ಕೆಲಸ. ಒಳಗಿನ ಬಿಸಿ ಎರಡು ಮೂರು ಡಿಗ್ರಿ ಇಳಿದರೂ ಕೂರುವವರಿಗೆ ಅದು ಗೊತ್ತಾಗುತ್ತದೆ. ಬಾಡಿಗೆ ಮನೆಯಾದರೆ ಓನರ್ ಹತ್ತಿರ ಮಾರ್ಚ್‌ನಲ್ಲೇ ಮಾತಾಡಿ.

ಮನೆಯಿಂದ ಆಫೀಸ್ ಕೆಲಸ ಮಾಡುವ ಹೆಣ್ಣುಮಕ್ಕಳ ವಿಷಯ ಬೇರೆಯೇ ಹೇಳಬೇಕು. ಮನೆಯಲ್ಲೇ ಇದ್ದೀಯಲ್ಲ ಅಂತ ಮಧ್ಯಾಹ್ನದ ಬಿಸಿ ರೊಟ್ಟಿ, ಚಹಾ ಎಲ್ಲವೂ ಅವರ ಪಾಲಿಗೆ ಬರುತ್ತದೆ. 12 ಗಂಟೆಗೆ ಒಲೆ ಮುಂದೆ ನಿಲ್ಲುವುದು ರಸ್ತೆಯಲ್ಲಿ ನಿಲ್ಲುವುದಕ್ಕಿಂತ ಹಗುರವೇನಲ್ಲ. ಬೇಸಿಗೆಯಲ್ಲಿ ಅಡುಗೆ ಬೆಳಿಗ್ಗೆ 8ರೊಳಗೆ ಮುಗಿಯಲಿ, ಮಧ್ಯಾಹ್ನಕ್ಕೆ ಮೊಸರನ್ನ, ಅಂಬಲಿ, ಕೋಸಂಬರಿ ಸಾಕು ಎಂದು ಮನೆಯವರೆಲ್ಲ ಒಪ್ಪಬೇಕು. ಒಪ್ಪದ ಮನೆಯಾದರೆ ಆಫೀಸಿಗೆ ಹೋಗಿ ಎಂದೇ ನಾನು ಹೇಳುತ್ತೇನೆ.

ದಾರಿ

ಬೆಂಗಳೂರಿನ ಸಾಮಾನ್ಯ ಪಾಳಿಯವರಿಗೆ ಒಂದು ಅನುಕೂಲವಿದೆ. ಬೆಳಿಗ್ಗೆ 8ಕ್ಕೆ ಹೊರಟು ಸಂಜೆ 6ರ ಮೇಲೆ ಹಿಂತಿರುಗಿದರೆ ಬಿಸಿಲು ನೆತ್ತಿಗೇರುವ ಹೊತ್ತೆಲ್ಲ ಆಫೀಸಿನೊಳಗೇ ಕಳೆಯುತ್ತದೆ. ಗರಿಷ್ಠ ತಾಪಮಾನ ಬರುವುದು ಸಾಮಾನ್ಯವಾಗಿ ಮಧ್ಯಾಹ್ನ 2ರಿಂದ 4ರ ನಡುವೆ. ಆ ಹೊತ್ತಿಗೆ ನೀವು ತಂಪಿನಲ್ಲಿರುತ್ತೀರಿ. ಎರಡನೇ ಪಾಳಿಯವರದ್ದು ಇದಕ್ಕೆ ತದ್ವಿರುದ್ಧ. 2 ಗಂಟೆಯ ಲಾಗಿನ್‌ಗೆ 12:30ಕ್ಕೆ ಮನೆ ಬಿಡಬೇಕು. ವರ್ಕ್ ಫ್ರಮ್ ಹೋಮ್ ಮೊದಲು ಸಿಗಬೇಕಾದ್ದು ಇವರಿಗೆ.

ಯಾವುದರಲ್ಲಿ ಹೋಗುತ್ತೀರಿ ಅನ್ನುವುದೂ ಮುಖ್ಯ. ಮೆಟ್ರೋ ಆದರೆ ಯೋಚನೆ ಕಡಿಮೆ. ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗಿನ ನೇರಳೆ ಮಾರ್ಗ 2023ರ ಅಕ್ಟೋಬರ್‌ನಲ್ಲಿ ಪೂರ್ತಿ ತೆರೆಯಿತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಎಲೆಕ್ಟ್ರಾನಿಕ್ ಸಿಟಿ ಮೇಲೆ ಹೋಗುವ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾಯಿತು. ಬೋಗಿಗಳೆಲ್ಲ ಏಸಿ. ಕಷ್ಟ ಇರುವುದು ಸ್ಟೇಷನ್ನಿನಿಂದ ಆಫೀಸಿನವರೆಗಿನ ನಡಿಗೆಯಲ್ಲಿ. ಅದು ಹತ್ತು ನಿಮಿಷಕ್ಕಿಂತ ಜಾಸ್ತಿ ಇದ್ದರೆ ಕೊಡೆ ಇಟ್ಟುಕೊಳ್ಳಿ. ಗಂಡಸರು ಬಿಸಿಲಿಗೆ ಕೊಡೆ ಹಿಡಿಯಲು ಯಾಕೆ ಹಿಂಜರಿಯುತ್ತಾರೋ, ಬಿಸಿಲು ಎಲ್ಲರನ್ನೂ ಒಂದೇ ಥರ ಸುಡುತ್ತದೆ ಅಲ್ವಾ?

ಬಸ್ಸಿನಲ್ಲಿ ಹೋಗುವ ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್‌ಗೆ ದುಡ್ಡು ಕೊಡಬೇಕಿಲ್ಲ. ಆದರೆ ಅದು ವಜ್ರದಂಥ ಏಸಿ ಬಸ್ಸುಗಳಿಗೆ ಸಿಗುವುದಿಲ್ಲ. ತೀರಾ ಬಿಸಿಲಿನ ದಿನ ದುಡ್ಡು ಕೊಟ್ಟು ವಜ್ರ ಹತ್ತುವುದೋ, ಸಾಮಾನ್ಯ ಬಸ್ಸಿನ ನೂಕುನುಗ್ಗಲಿನಲ್ಲಿ ಹೋಗುವುದೋ ಅನ್ನುವ ಪ್ರಶ್ನೆ ಬಂದರೆ, ಮೈಗೆ ಹುಷಾರಿಲ್ಲದ ದಿನ ವಜ್ರ ಹತ್ತಿ. ಬೇರೆ ದಿನ ಬೆಳಿಗ್ಗೆ 8ಕ್ಕೆ ಮೊದಲೇ ಸಾಮಾನ್ಯ ಬಸ್ಸು ಹಿಡಿಯಿರಿ, ಆ ಹೊತ್ತಿಗೆ ಜನವೂ ಕಡಿಮೆ.

ದ್ವಿಚಕ್ರ ವಾಹನದವರು ಹುಷಾರಾಗಿರಬೇಕು. ಗಾಡಿ ಓಡುವಾಗ ಗಾಳಿ ಬೀಸುತ್ತದೆ, ಹಾಯಾಗಿದೆ ಅನ್ನಿಸುತ್ತದೆ. ಒಣ ಹವೆಯಲ್ಲಿ ಆ ಗಾಳಿ ಬೆವರನ್ನು ಆಗಿಂದಾಗಲೇ ಆರಿಸಿಬಿಡುವುದರಿಂದ ಮೈಯಿಂದ ಎಷ್ಟು ನೀರು ಹೋಯಿತೆಂದು ಗೊತ್ತೇ ಆಗುವುದಿಲ್ಲ. ರಾಯಚೂರು, ಕಲಬುರಗಿ ಕಡೆ ಮಧ್ಯಾಹ್ನ ಬೈಕ್ ಓಡಿಸುವವರು ತಲೆ, ಕಿವಿ, ಮುಖಕ್ಕೆ ಬಿಳಿ ಬಟ್ಟೆ ಸುತ್ತಿಕೊಳ್ಳುವುದು ಇದಕ್ಕೇ. ಹತ್ತಿಯ ತುಂಬುತೋಳಿನ ಅಂಗಿ, ಹೆಲ್ಮೆಟ್ ಒಳಗೆ ತೆಳು ಹತ್ತಿ ಬಟ್ಟೆ, ಹೊರಡುವ ಮೊದಲೇ ಎರಡು ಲೋಟ ನೀರು. ಇಷ್ಟಿದ್ದರೂ 12ರಿಂದ 4ರವರೆಗೆ ಗಾಡಿ ತೆಗೆಯಬೇಡಿ ಅನ್ನುವುದೇ ನನ್ನ ಮಾತು.

ಕಾರಿನವರಿಗೆ ಒಂದೇ ಎಚ್ಚರಿಕೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಹತ್ತೇ ನಿಮಿಷಕ್ಕೆ ಸುಮಾರು 10 ಡಿಗ್ರಿ ಏರುತ್ತದೆ. ಮಗುವನ್ನು ಒಂದು ನಿಮಿಷಕ್ಕೂ ಒಳಗೆ ಬಿಟ್ಟು ಹೋಗಬೇಡಿ. ಸಂಜೆ ಹತ್ತುವಾಗ ಬಾಗಿಲೆಲ್ಲ ತೆರೆದು, ಬಿಸಿಗಾಳಿ ಹೋದಮೇಲೆ ಏಸಿ ಹಾಕಿ.

ಕಲಬುರಗಿ ಕಡೆಯ ವೇಳಾಪಟ್ಟಿ

ಕಲ್ಯಾಣ ಕರ್ನಾಟಕದಲ್ಲಿ ಈ ಪ್ರಶ್ನೆಗೆ ಸರ್ಕಾರ ಮೊದಲಿನಿಂದಲೂ ಒಂದು ಉತ್ತರ ಕೊಟ್ಟಿದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳು ಹಾಗೂ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ಕೆಲಸ ಮಾಡುತ್ತವೆ. ಜಾಗ ಬದಲಿಲ್ಲ, ಹೊತ್ತು ಮಾತ್ರ ಬದಲು. ಬೆಂಗಳೂರಿನ ಕಂಪನಿಗಳು ಇದನ್ನು ನೋಡಿ ಕಲಿಯಬೇಕು ಎಂದು ನನಗೆ ಪ್ರತಿ ಬೇಸಿಗೆಯಲ್ಲೂ ಅನ್ನಿಸುತ್ತದೆ.

ಇದರಲ್ಲೂ ಒಂದು ತೊಡಕಿದೆ. 1:30ಕ್ಕೆ ಕಚೇರಿ ಬಿಟ್ಟರೆ ಹೊರಗೆ ರಣಬಿಸಿಲು. ಊರೊಳಗೆ ಮನೆ ಇದ್ದವರು ಹೇಗೋ ಸೇರಿಕೊಳ್ಳುತ್ತಾರೆ. ಪಕ್ಕದ ತಾಲ್ಲೂಕಿನಿಂದ ಬಸ್ಸಿನಲ್ಲಿ ಬಂದುಹೋಗುವವರು 2 ಗಂಟೆಗೆ ಸ್ಟ್ಯಾಂಡಿನಲ್ಲಿ ನಿಲ್ಲಬೇಕು. ಹಾಗಾಗಿ ಖಾಸಗಿ ಕೆಲಸದವರು ಹೊತ್ತು ಬದಲಿಸುವುದಾದರೆ ಇನ್ನೂ ಸ್ವಲ್ಪ ಬಿಗಿ ಮಾಡಿಕೊಳ್ಳಬಹುದು. ಬೆಳಿಗ್ಗೆ 6:30ರಿಂದ 11:30 ಮನೆಯಿಂದ, ಮಧ್ಯಾಹ್ನ ವಿಶ್ರಾಂತಿ, ಉಳಿದ ಮೂರು ಗಂಟೆ ಸಂಜೆ 6ರ ಮೇಲೆ. ಇಲ್ಲವೇ 7:30ಕ್ಕೆ ಆಫೀಸಿಗೆ ಬಂದು, ಏಸಿ ಇದ್ದರೆ ಸಂಜೆ 6ರವರೆಗೆ ಹೊರಗೆ ಹೋಗದೆ ಅಲ್ಲೇ ಇರುವುದು. ಅರ್ಧ ದಿನ ಆಫೀಸು, ಅರ್ಧ ದಿನ ಮನೆ ಎಂಬ ಹೊಂದಾಣಿಕೆ ಕೇಳಲು ಚೆನ್ನ. ಆದರೆ ಮಧ್ಯಾಹ್ನ 1ಕ್ಕೆ ರಸ್ತೆಗಿಳಿಸುವುದರಿಂದ ಮೂರರಲ್ಲಿ ಕೆಟ್ಟದ್ದು ಅದೇ.

ಈ ಕಡೆಯ ಒಣ ಹವೆಗೆ ಏರ್ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಕಿಟಕಿಯ ಹೊರಗಿನಿಂದ ಗಾಳಿ ಎಳೆಯುವ ಹಾಗೆ ಇಡಿ, ಇನ್ನೊಂದು ಬದಿಯ ಕಿಟಕಿ ಸ್ವಲ್ಪ ತೆರೆದಿರಲಿ. ಲಾವಂಚದ ಪರದೆ ಕಟ್ಟಿ ನೀರು ಚಿಮುಕಿಸಿದರೂ ಕೋಣೆ ತಂಪಾಗುತ್ತದೆ. ಕರೆಂಟಿನದೇ ಭಯ. ಯುಪಿಎಸ್ ಫ್ಯಾನು, ರೂಟರ್ ಎಳೆಯುತ್ತದೆ, ಏಸಿ ಎಳೆಯುವುದಿಲ್ಲ. ನಿಮ್ಮ ಬೀದಿಯಲ್ಲಿ ಮಧ್ಯಾಹ್ನ ಎರಡು ಗಂಟೆ ಕರೆಂಟ್ ಹೋಗುವುದು ಮಾಮೂಲಾಗಿದ್ದರೆ ಜನರೇಟರ್ ಇರುವ ಆಫೀಸಿಗೆ ಹೋಗಿ.

ಕರಾವಳಿಯಲ್ಲಿ ಕೂಲರ್ ಕೊಳ್ಳಲೇಬೇಡಿ. ಮಂಗಳೂರು, ಉಡುಪಿ, ಕಾರವಾರದ ಗಾಳಿಯಲ್ಲಿ ಮೊದಲೇ ತೇವ ತುಂಬಿರುತ್ತದೆ, ಕೂಲರ್ ಸೆಕೆಯನ್ನು ಹೆಚ್ಚಿಸುತ್ತದೆ. ಅಲ್ಲಿ 35 ಡಿಗ್ರಿಗೇ ಬೆವರು ಆರದೆ ಮೈಯ ಬಿಸಿ ಒಳಗೇ ಉಳಿಯುತ್ತದೆ. 2025ರಲ್ಲಿ ಫೆಬ್ರವರಿ ಕೊನೆಗೇ ಕರಾವಳಿಗೆ ಬಿಸಿಗಾಳಿಯ ಎಚ್ಚರಿಕೆ ಬಂದಿತ್ತು. ಏಸಿ ಇದ್ದ ಕಡೆ ಇರಿ, ಮನೆಯಾದರೂ ಸರಿ ಆಫೀಸಾದರೂ ಸರಿ.

ದುಡ್ಡಿನ ಲೆಕ್ಕ

ಮನೆಯಲ್ಲಿದ್ದರೆ ಪೆಟ್ರೋಲ್ ಉಳಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಲೆಕ್ಕ ಹಾಕಿ ನೋಡೋಣ. ದಿನಕ್ಕೆ 30 ಕಿಲೋಮೀಟರ್, ಲೀಟರ್‌ಗೆ 45 ಕೊಡುವ ಸ್ಕೂಟರ್, ಪೆಟ್ರೋಲ್ 100 ರೂಪಾಯಿ ಮೇಲೆ. ತಿಂಗಳ 22 ಕೆಲಸದ ದಿನಕ್ಕೆ ಹತ್ತಿರ ಹತ್ತಿರ 1,500 ರೂಪಾಯಿ. ಇತ್ತ 1.5 ಟನ್ ಏಸಿ ಗಂಟೆಗೆ 1ರಿಂದ 1.5 ಯೂನಿಟ್ ಎಳೆಯುತ್ತದೆ. ಎಂಟು ಗಂಟೆಗೆ 10 ಯೂನಿಟ್ ಹಿಡಿದರೆ ತಿಂಗಳಿಗೆ 220. ಯೂನಿಟ್‌ಗೆ 6 ರೂಪಾಯಿ ಅಂದುಕೊಂಡರೂ 1,320. ಎರಡೂ ಒಂದಕ್ಕೊಂದು ಹತ್ತಿರವೇ.

ಆದರೆ ಗೃಹಜ್ಯೋತಿ ಪಡೆಯುವ ಮನೆಯಾದರೆ ಲೆಕ್ಕವೇ ಬೇರೆ. 2023ರ ಆಗಸ್ಟ್‌ನಿಂದ ಜಾರಿಯಲ್ಲಿರುವ ಈ ಯೋಜನೆಯಲ್ಲಿ ಹಿಂದಿನ ಸರಾಸರಿ ಬಳಕೆ, ಅದರ ಮೇಲೆ 10 ಶೇಕಡಾ ಉಚಿತ. ಅದನ್ನು ಮೀರಿ 200ರ ಒಳಗಿದ್ದರೆ ಹೆಚ್ಚುವರಿ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿತೋ, ಪೂರ್ತಿ ಬಿಲ್ ಕಟ್ಟಬೇಕು. ಸರಾಸರಿ 120 ಯೂನಿಟ್ ಬಳಸುತ್ತಿದ್ದ ಮನೆಯಲ್ಲಿ ದಿನವಿಡೀ ಏಸಿ ಹಾಕಿದರೆ ಬಳಕೆ 340ಕ್ಕೆ ಹೋಗುತ್ತದೆ. ಸೊನ್ನೆ ಇದ್ದ ಬಿಲ್ಲು 2,000 ದಾಟುತ್ತದೆ. ಪೆಟ್ರೋಲ್ ಉಳಿಸಿದ್ದು ಎಲ್ಲಿ ಹೋಯಿತು? ಅದೇ ಮನೆಯಲ್ಲಿ 200 ವ್ಯಾಟ್‌ನ ಕೂಲರ್ ಎಂಟು ಗಂಟೆ ಓಡಿದರೆ ತಿಂಗಳಿಗೆ 35 ಯೂನಿಟ್, ಬಿಲ್ಲು ನೂರೈವತ್ತರ ಆಸುಪಾಸು. ಏಸಿ ಬೇಕೇ ಬೇಕಾದರೆ ಮಧ್ಯಾಹ್ನ ಎರಡು ಮೂರು ಗಂಟೆ ಮಾತ್ರ, 26ಕ್ಕೆ ಇಟ್ಟು ಜೊತೆಗೆ ಫ್ಯಾನ್ ಹಾಕಿ. ತಿಂಗಳ ನಡುವೆ ಒಮ್ಮೆ ಮೀಟರ್ ನೋಡಿ, 200ರ ಹತ್ತಿರ ಹೋಗುತ್ತಿದ್ದರೆ ಉಳಿದ ದಿನ ಆಫೀಸಿಗೆ ಹೋಗಿ.

ಯಾರು ಹೋಗಲೇಬಾರದು, ಯಾರು ಹೋಗಲೇಬೇಕು

ಬಸುರಿಯರು, ಹೃದಯ ಅಥವಾ ಕಿಡ್ನಿ ತೊಂದರೆ ಇರುವವರು, ಜ್ವರ ಅಥವಾ ಭೇದಿಯಿಂದ ಎದ್ದವರು, ಹಿಂದೆ ಒಮ್ಮೆ ಬಿಸಿಲಿಗೆ ಬಿದ್ದವರು ಆರೆಂಜ್ ಅಲರ್ಟ್ ದಿನ ಪ್ರಯಾಣ ಮಾಡಬಾರದು. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರ ಮೈಯಲ್ಲಿ ನೀರು ಬೇಗ ಕಡಿಮೆಯಾಗುತ್ತದೆ. ಮಾತ್ರೆ ತಾವಾಗಿ ನಿಲ್ಲಿಸದೆ ಬೇಸಿಗೆಗೆ ಮೊದಲೇ ಡಾಕ್ಟರನ್ನು ಕೇಳಿ. ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ ಒಬ್ಬರೇ ಇರುತ್ತಾರೆಂದರೆ ಅದೂ ಮನೆಯಲ್ಲಿರಲು ದೊಡ್ಡ ಕಾರಣ. 2003ರ ಆಗಸ್ಟ್‌ನಲ್ಲಿ ಫ್ರಾನ್ಸಿನಲ್ಲಿ ಬಿಸಿಗಾಳಿಗೆ ಸುಮಾರು 15,000 ಜನ ಸತ್ತರು, ಅವರಲ್ಲಿ ಬಹುಪಾಲು ವಯಸ್ಸಾದವರು, ಎಷ್ಟೋ ಜನ ಒಂಟಿಯಾಗಿ ಮನೆಯೊಳಗೇ ಇದ್ದವರು.

ಆಫೀಸಿಗೆ ಹೋಗಲೇಬೇಕಾದವರು ಅಂದರೆ ರಾತ್ರಿಯೂ ತಣಿಯದ ಮನೆಯವರು. ಮೈಗೆ ದಿನದಲ್ಲಿ ಎರಡು ಮೂರು ಗಂಟೆಯಾದರೂ ತಂಪು ಬೇಕು. ಹಗಲೂ ರಾತ್ರಿಯೂ ಒಂದೇ ಕಾದ ಕೋಣೆಯಲ್ಲಿ ಇದ್ದರೆ ಮೂರು ನಾಲ್ಕು ದಿನದಲ್ಲಿ ನಿದ್ದೆ ಕೆಡುತ್ತದೆ, ತಲೆನೋವು ಶುರುವಾಗುತ್ತದೆ.

ಎಲ್ಲೇ ಇದ್ದರೂ ಬಾಯಾರುವ ಮೊದಲೇ ನೀರು ಕುಡಿಯಿರಿ. ಏಸಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ. ಉಪ್ಪು ಹಾಕಿದ ಮಜ್ಜಿಗೆ, ಎಳನೀರು, ಪಾನಕ ಒಳ್ಳೆಯದು. ಓಆರ್‌ಎಸ್ ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಯಾರಾದರೂ ಬಿಸಿಲಲ್ಲಿ ಬಂದು ಮಾತು ತೊದಲಿದರೆ, ಗೊಂದಲವಾಗಿ ವರ್ತಿಸಿದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಬಿಸಿಲಾಘಾತ. 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ನೆರಳಿಗೆ ಒಯ್ದು ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತಿರಿ. ಪ್ರಜ್ಞೆ ಇಲ್ಲದವರಿಗೆ ನೀರು ಕುಡಿಸಬೇಡಿ. ಪ್ಯಾರಾಸಿಟಮಾಲ್ ಇದಕ್ಕೆ ಕೆಲಸ ಮಾಡುವುದಿಲ್ಲ.

ಮ್ಯಾನೇಜರ್ ಹತ್ತಿರ ಕೇಳುವುದು ಹೇಗೆ?

‘ತುಂಬಾ ಬಿಸಿಲು ಸರ್’ ಅಂದರೆ ‘ಎಲ್ಲರಿಗೂ ಬಿಸಿಲೇ’ ಎಂಬ ಉತ್ತರ ಬರುತ್ತದೆ. ಹೊತ್ತು, ದಿನ, ಕೆಲಸ ಮೂರನ್ನೂ ಹೇಳಿ: ‘ಸರ್, ಗುರುವಾರ ಶುಕ್ರವಾರ ಆರೆಂಜ್ ಅಲರ್ಟ್ ಇದೆ. ನನ್ನ ಪಾಳಿಗೆ ಮಧ್ಯಾಹ್ನ 1ಕ್ಕೆ ಹೊರಡಬೇಕು. ಆ ಎರಡು ದಿನ ಮನೆಯಿಂದ ಲಾಗಿನ್ ಆಗ್ತೀನಿ, ಇಲ್ಲಾಂದ್ರೆ ಬೆಳಗಿನ ಪಾಳಿಗೆ ಬರ್ತೀನಿ. ಕ್ಲೈಂಟ್ ಕಾಲ್ ಎರಡರಲ್ಲೂ ತಪ್ಪಲ್ಲ.’ ಇಷ್ಟು ಸ್ಪಷ್ಟವಾಗಿ ಕೇಳಿದರೆ ಇಲ್ಲ ಅನ್ನುವುದು ಅವರಿಗೂ ಕಷ್ಟ.

ಟೀಮ್ ನಡೆಸುವವರಿಗೂ ಒಂದು ಮಾತು. ಮನೆಯಿಂದ ಕೆಲಸ ಮಾಡುವ ಅವಕಾಶ ಲ್ಯಾಪ್‌ಟಾಪ್ ಇದ್ದವರಿಗೆ ಮಾತ್ರ. ಗೇಟಿನಲ್ಲಿ ನಿಂತ ಸೆಕ್ಯುರಿಟಿಯವರು, ಹೌಸ್‌ಕೀಪಿಂಗ್ ಅಕ್ಕಂದಿರು, ಪಾರ್ಕಿಂಗಿನ ಬಿಸಿಲಲ್ಲಿ ಕಾಯುವ ಕ್ಯಾಬ್ ಡ್ರೈವರ್‌ಗಳು ಬರಲೇಬೇಕು. ಮನೆಯಲ್ಲಿ ಕೂತು ಮಧ್ಯಾಹ್ನ 1ಕ್ಕೆ ಊಟ ಆರ್ಡರ್ ಮಾಡಿದರೆ ನಮ್ಮ ಪಾಲಿನ ಬಿಸಿಲು ಡೆಲಿವರಿ ಹುಡುಗನ ತಲೆ ಮೇಲೆ ಹೋಗುತ್ತದೆ. ಅವತ್ತು ಡಬ್ಬಿಯ ಮೊಸರನ್ನ ಸಾಕು. ಗೇಟಿನ ಪಾಳಿಯನ್ನು ಮಧ್ಯಾಹ್ನ ಎರಡೆರಡು ಗಂಟೆಗೆ ಬದಲಿಸಿ. ಅಲ್ಲೊಂದು ನೆರಳು, ಫ್ಯಾನು, ಮಡಿಕೆ ನೀರು ಇಡಿಸಿ. ಅರ್ಧ ಜನ ಮನೆಯಲ್ಲಿದ್ದಾಗ ಖಾಲಿ ಇರುವ ಏಸಿ ಕ್ಯಾಂಟೀನಿನಲ್ಲಿ ಡ್ರೈವರ್‌ಗಳು ಕೂರಬಹುದು ಎಂದು ಬರಹದಲ್ಲೇ ಸೂಚನೆ ಕೊಡಿ. ಬಾಯಿಮಾತಲ್ಲಿ ಹೇಳಿದರೆ ಅವರು ಸಂಕೋಚದಿಂದ ಒಳಗೆ ಬರುವುದಿಲ್ಲ.